ರಾಸು ನುಂಗಿದ ತಂತಿ, ಮೊಳೆ, ಮಾವಿನ ವಾಟೆ: ಹೊರತೆಗೆಯುವ ದಾರಿ ಯಾವುದು?



ಸಂಘವೊಂದರ ಸರ್ವಸದಸ್ಯರ ಸಭೆ ಮುಗಿದು ಎಲ್ಲರೂ ಟೀ ಕುಡಿಯುತ್ತಿದ್ದಾಗ ಯುವ ಸದಸ್ಯರೊಬ್ಬರು ನನ್ನನ್ನು ಹೀಗೆ ಕೇಳಿದರು: “ಡಾಕ್ಟ್ರೇ, ನಮ್ಮಕ್ಕನ ಮಗ ನಾಣ್ಯ ನುಂಗಿಬಿಟ್ಟಿದ್ದ. ದೊಡ್ಡಾಸ್ಪತ್ರೇಲಿ ಬಾಯಿಂದ ಒಂದು ಪೈಪು ಇಳಿಸಿ, ಟೀವಿಯಲ್ಲಿ ನೋಡ್ಕೊಂಡು ತೆಗೆದುಬಿಟ್ಟರು. ಒಂದು ಹೊಲಿಗೆ ಕೂಡ ಹಾಕಲಿಲ್ಲ. ನಮ್ಮ ಹಸುಗೆ ಮಾತ್ರ ಪಕ್ಕೆ ಕೊಯ್ದು ತಂತಿ ತೆಗೆದಿರಿ. ಹಸುಗೂ ಆ ಪೈಪು ಹಾಕಕ್ಕಾಗಲ್ವಾ?”

ಪ್ರಶ್ನೆ ಬಹಳ ಒಳ್ಳೆಯದು. ಸುತ್ತ ನಿಂತಿದ್ದವರೂ ಉತ್ತರಕ್ಕಾಗಿ ನನ್ನ ಮುಖ ನೋಡಿದರು. ಆ ದಿನ ಎರಡು ಮಾತಿನಲ್ಲಿ ಹೇಳಿ ಮುಗಿಸಿದೆ. ಆದರೆ ಇದು ಎರಡು ಮಾತಿನಲ್ಲಿ ಮುಗಿಯುವ ವಿಷಯವಲ್ಲ. ನುಂಗಿದ ವಸ್ತು ಯಾವುದು, ಅದು ಎಲ್ಲಿ ನಿಂತಿದೆ, ನಿಂತು ಎಷ್ಟು ದಿನವಾಯಿತು ಎಂಬುದರ ಮೇಲೆ ಅದನ್ನು ಹೊರತೆಗೆಯುವ ದಾರಿ ನಿರ್ಧಾರವಾಗುತ್ತದೆ. ಇದನ್ನು ತಿಳಿದುಕೊಂಡ ರೈತ ವೈದ್ಯರನ್ನು ಸರಿಯಾದ ದಿನ ಕರೆಯುತ್ತಾನೆ. ಒಂದು ವಾರ ತಡವಾಗಿ ಕರೆದರೆ ಪೈಪೂ ಇಲ್ಲ, ಚಾಕೂ ಇಲ್ಲ, ವಿಮೆಯ ಕಾಗದ ಮಾತ್ರ ಉಳಿಯುತ್ತದೆ.

ಎಂಡೋಸ್ಕೋಪ್ ಕೆಲಸ ಮಾಡುವ ಬಗೆ

ಮೊದಲು ಆ ಪೈಪಿನ ವಿಚಾರ. ಅದರ ಹೆಸರು ಎಂಡೋಸ್ಕೋಪ್. 1868ರಲ್ಲಿ ಜರ್ಮನಿಯ ಕುಸ್ಮೌಲ್ ಎಂಬ ವೈದ್ಯ, ಕತ್ತಿ ನುಂಗುವ ಆಟ ತೋರಿಸುವವನೊಬ್ಬನನ್ನು ಕರೆಸಿ, ಅವನ ಗಂಟಲಿನ ಮೂಲಕ ನೇರವಾದ ಗಟ್ಟಿ ಕೊಳವೆ ಇಳಿಸಿ ಜಠರದೊಳಗೆ ನೋಡುವ ಪ್ರಯತ್ನ ಮಾಡಿದ. ಕತ್ತಿ ನುಂಗಿ ಅಭ್ಯಾಸವಿದ್ದವನಿಗೆ ಮಾತ್ರ ಅದು ಸಾಧ್ಯವಿತ್ತು. ಬಾಗುವ, ಬಳುಕುವ ಎಂಡೋಸ್ಕೋಪ್ ಬಂದದ್ದು 1957ರಲ್ಲಿ. ಅಮೆರಿಕದ ಹಿರ್ಶೊವಿಟ್ಜ್ ಎಂಬ ವೈದ್ಯರು ಕೂದಲಿನಂಥ ಗಾಜಿನ ಎಳೆಗಳ ಕಂತೆಯ ಮೂಲಕ ಬೆಳಕನ್ನೂ ಚಿತ್ರವನ್ನೂ ಹಾಯಿಸಿ ತೋರಿಸಿದರು. ಈಗಿನ ಉಪಕರಣದ ತುದಿಯಲ್ಲಿ ಸಣ್ಣ ಕ್ಯಾಮೆರಾ ಇರುತ್ತದೆ. ವೈದ್ಯರ ಕೈಯಲ್ಲಿರುವ ಚಕ್ರ ತಿರುಗಿಸಿದರೆ ತುದಿ ಬೇಕಾದ ಕಡೆಗೆ ಹೊರಳುತ್ತದೆ. ಗಾಳಿ ಊದಿ ಅನ್ನನಾಳವನ್ನು ಅಗಲಿಸಬಹುದು. ಪೈಪಿನೊಳಗೇ ಇನ್ನೊಂದು ಸಣ್ಣ ಕಾಲುವೆಯಿದ್ದು, ಅದರ ಮೂಲಕ ಚಿಮಟ, ತಂತಿಯ ಕುಣಿಕೆ, ಬುಟ್ಟಿ ಅಥವಾ ಪುಟ್ಟ ಬಲೆಯನ್ನು ಇಳಿಸಿ ವಸ್ತುವನ್ನು ಹಿಡಿಯುತ್ತಾರೆ.

ಹಿಡಿಯುವುದು ಅರ್ಧ ಕೆಲಸ. ಗಾಯ ಮಾಡದೆ ತರುವುದು ಉಳಿದರ್ಧ. ಚೂಪಾದ ವಸ್ತುವಿನ ಮೊನೆ ಚಲಿಸುವ ದಿಕ್ಕಿಗೆ ಮುಖ ಮಾಡಿದ್ದರೆ ಅದು ಚುಚ್ಚುತ್ತಾ ಬರುತ್ತದೆ. ಹಿಂದೆ ಬೀಳುವಂತಿದ್ದರೆ ಸುಮ್ಮನೆ ಎಳೆದುಕೊಂಡು ಬರುತ್ತದೆ. ಆದ್ದರಿಂದ ಬಾಯಿ ತೆರೆದ ಸೇಫ್ಟಿ ಪಿನ್ನಿನ ಮೊನೆ ಗಂಟಲಿನ ಕಡೆಗಿದ್ದರೆ, ಅದನ್ನು ಹಾಗೆಯೇ ಎಳೆಯುವುದಿಲ್ಲ. ಜೋಪಾನವಾಗಿ ಜಠರಕ್ಕೆ ಇಳಿಸಿ, ಅಲ್ಲಿ ತಿರುಗಿಸಿ, ಸುರುಳಿಯಿರುವ ಬದಿಯನ್ನು ಮುಂದಾಗಿ ಹಿಡಿದು ತರುತ್ತಾರೆ. ಬೇಕಾದರೆ ಪೈಪಿನ ತುದಿಗೆ ಮೃದುವಾದ ಟೋಪಿಯಂಥದ್ದು ಹಾಕಿ ಮೊನೆಯನ್ನು ಅದರೊಳಗೆ ಎಳೆದುಕೊಳ್ಳುತ್ತಾರೆ. ಮಗುವಾಗಲಿ ನಾಯಿಯಾಗಲಿ, ಅರಿವಳಿಕೆ ಕೊಟ್ಟು, ಹಿಡಿದ ವಸ್ತು ಬಾಯಿಯ ಬಳಿ ಜಾರಿ ಶ್ವಾಸನಾಳಕ್ಕೆ ಬೀಳದಂತೆ ಉಸಿರಿನ ದಾರಿಯನ್ನು ಭದ್ರಪಡಿಸಿಕೊಂಡೇ ಈ ಕೆಲಸ ಮಾಡುತ್ತಾರೆ.

ಮಾತು ಮಕ್ಕಳ ಕಡೆಗೆ ಬಂದದ್ದರಿಂದ ಒಂದು ಎಚ್ಚರಿಕೆ. ಇದು ನನ್ನ ಇಲಾಖೆಯಲ್ಲ, ಆದರೂ ಹೇಳಿಬಿಡುತ್ತೇನೆ. ಆಟದ ಸಾಮಾನು, ಗಡಿಯಾರ, ರಿಮೋಟುಗಳಲ್ಲಿ ಗುಂಡಿಯಂಥ ಚಪ್ಪಟೆ ಬ್ಯಾಟರಿ ಇರುತ್ತದೆ. ಅದು ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಆಳವಾಗಿ ಸುಡಬಲ್ಲದು. “ನಾಳೆ ಮಲದಲ್ಲಿ ಬರುತ್ತೆ” ಎಂದು ಕಾಯಬೇಡಿ, ಬಾಳೆಹಣ್ಣು ತಿನ್ನಿಸಬೇಡಿ, ವಾಂತಿ ಮಾಡಿಸಬೇಡಿ. ಆ ಕ್ಷಣವೇ ಎಂಡೋಸ್ಕೋಪ್ ಸೌಲಭ್ಯವಿರುವ ಆಸ್ಪತ್ರೆಗೆ ಓಡಿ.

ಈಗ ಕೊಟ್ಟಿಗೆಗೆ ಬರೋಣ.

ಗಂಟಲಲ್ಲಿ ಸಿಕ್ಕಿಕೊಂಡಾಗ

ಹಸುವಿನ ಅನ್ನನಾಳ ಸುಮಾರು ಒಂದು ಮೀಟರ್ ಉದ್ದ. ಮಾವಿನ ವಾಟೆ, ಇಡೀ ಆಲೂಗಡ್ಡೆ, ಬೀಟ್‌ರೂಟ್, ಗೆಣಸು, ಮುಸುಕಿನ ಜೋಳದ ದಿಂಡು ಇವೇ ಸಾಮಾನ್ಯವಾಗಿ ಸಿಕ್ಕಿಕೊಳ್ಳುವ ವಸ್ತುಗಳು. ನಿಲ್ಲುವ ಜಾಗಗಳೂ ಗೊತ್ತಿರುವಂಥವೇ: ಬಾಯಿಯ ಹಿಂದಿನ ಗಂಟಲು, ಕತ್ತು ಎದೆಗೂಡನ್ನು ಸೇರುವ ಜಾಗ, ಎದೆಯೊಳಗೆ ಹೃದಯದ ಮೇಲ್ಭಾಗ, ಹೊಟ್ಟೆಯ ಬಾಗಿಲು.

ಮೇಯುತ್ತಿದ್ದ ಹಸು ಥಟ್ಟನೆ ತಲೆ ಎತ್ತಿ ಕತ್ತು ಚಾಚುತ್ತದೆ. ಜೊಲ್ಲು ಸುರಿಯುತ್ತದೆ, ಕೆಮ್ಮುತ್ತದೆ, ಖಾಲಿ ಬಾಯಿ ಅಗಿಯುತ್ತದೆ. ಕುಡಿದ ನೀರು ಮೂಗಿನಲ್ಲಿ ವಾಪಸು ಬರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಎಡಗಡೆ ಹೊಟ್ಟೆ ಉಬ್ಬತೊಡಗುತ್ತದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಗಾಳಿ ಹುಟ್ಟುತ್ತಲೇ ಇರುತ್ತದೆ. ಅದು ತೇಗಿನ ಮೂಲಕವೇ ಹೊರಗೆ ಹೋಗಬೇಕು. ದಾರಿ ಮುಚ್ಚಿದರೆ ಹೊಟ್ಟೆ ಉಬ್ಬಿ ಶ್ವಾಸಕೋಶವನ್ನು ಒತ್ತುತ್ತದೆ. ಹಸುವನ್ನು ಆ ದಿನವೇ ಕೊಲ್ಲುವುದು ವಾಟೆಯಲ್ಲ, ಈ ಉಬ್ಬರ.

ಇಲ್ಲಿ ನಮ್ಮವರು ಮಾಡುವ ತಪ್ಪುಗಳು ಎರಡು. ಒಂದು, ಬಿದಿರ ಕೋಲನ್ನೋ ನೀರಿನ ಪೈಪನ್ನೋ ಗಂಟಲಿಗೆ ತೂರಿಸಿ ತಳ್ಳುವುದು. ಅನ್ನನಾಳ ಹರಿದರೆ ಮೇವು, ಜೊಲ್ಲು ಎಲ್ಲ ಕತ್ತಿನ ಮಾಂಸದೊಳಗೆ, ಎದೆಯೊಳಗೆ ಸೇರಿ ಕೀವಾಗುತ್ತದೆ. ವಾಟೆ ಒಳಗೆ ಹೋಯಿತೆಂದು ಖುಷಿಪಟ್ಟ ನಾಲ್ಕನೆಯ ದಿನ ಹಸು ಹೋಗುತ್ತದೆ. ಇನ್ನೊಂದು, ಜಾರಲಿ ಎಂದು ಎಣ್ಣೆ ಕುಡಿಸುವುದು. ಕೆಳಗಿನ ದಾರಿ ಮುಚ್ಚಿರುವಾಗ ಎಣ್ಣೆ ಹೋಗುವುದು ಶ್ವಾಸಕೋಶಕ್ಕೆ. ನೀರು, ಮೇವು, ಎಣ್ಣೆ ಯಾವುದನ್ನೂ ಕೊಡದೆ, ಹಸುವನ್ನು ಮುಂಭಾಗ ಎತ್ತರವಾಗಿರುವಂತೆ ನಿಲ್ಲಿಸಿ, ತಕ್ಷಣ ಫೋನ್ ಮಾಡಿ. ಸಂಘದ ಕಾರ್ಯದರ್ಶಿಯ ಮೂಲಕ ತುರ್ತು ಕರೆ ಕೊಡಬಹುದು, ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962ಕ್ಕೂ ಕರೆ ಮಾಡಬಹುದು. ಹೊಟ್ಟೆ ಉಬ್ಬುತ್ತಿದೆಯೇ ಇಲ್ಲವೇ ಎಂಬುದನ್ನು ಕರೆ ಮಾಡುವಾಗಲೇ ಹೇಳಿ.

ಮೂರನೆಯ ತಪ್ಪು ಜೀವಕ್ಕೇ ಬರುವಂಥದ್ದು. ಅದನ್ನು ಬೇರೆಯಾಗಿಯೇ ಹೇಳುತ್ತೇನೆ. ಜೊಲ್ಲು ಸುರಿಸುತ್ತಾ ನುಂಗಲಾಗದೆ ಒದ್ದಾಡುವ ಹಸುವಿಗೆಲ್ಲ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ತಿಳಿಯಬಾರದು. ಹುಚ್ಚುನಾಯಿ ರೋಗ ಬಂದ ದನವೂ ಹೀಗೆಯೇ ಕಾಣುತ್ತದೆ. ಬರಿಗೈಯನ್ನು ಬಾಯೊಳಗೆ ಹಾಕಲೇಬೇಡಿ. ಈಗಾಗಲೇ ಹಾಕಿದ್ದರೆ, ಜೊಲ್ಲು ಗಾಯಕ್ಕೆ ತಾಗಿದ್ದರೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದಿನ ಬಗ್ಗೆ ಕೇಳಿ. ನಾವು ವೈದ್ಯರು ಕೂಡ ಕೈಗವಸು ಇಲ್ಲದೆ ಮುಟ್ಟುವುದಿಲ್ಲ.

ವೈದ್ಯರು ಬಂದ ಮೇಲೆ ಉಬ್ಬರ ಜೋರಾಗಿದ್ದರೆ ಮೊದಲು ಎಡ ಪಕ್ಕೆಯ ಗುಂಡಿಯಲ್ಲಿ ಟ್ರೋಕಾರ್ ಎಂಬ ಮೊನೆಯುಳ್ಳ ಕೊಳವೆ ಹಾಕಿ ಗಾಳಿ ಬಿಡುತ್ತಾರೆ. ಆಮೇಲೆ ಅವಸರವಿಲ್ಲ. ಅನ್ನನಾಳದ ಬಿಗಿತ ಸಡಿಲಾಗಲು ಚುಚ್ಚುಮದ್ದು ಕೊಟ್ಟು, ಬಾಯಿ ತೆರೆದಿಡುವ ಸಾಧನ ಇಟ್ಟು, ಒಬ್ಬರು ಹೊರಗಿನಿಂದ ಕತ್ತಿನ ಮೇಲೆ ಕೈಯಿಟ್ಟು ವಸ್ತುವನ್ನು ಮೆಲ್ಲಗೆ ಮೇಲಕ್ಕೆ ನೂಕುತ್ತಿದ್ದರೆ ಇನ್ನೊಬ್ಬರು ಒಳಗಿನಿಂದ ಹಿಡಿದು ತೆಗೆಯುತ್ತಾರೆ. ಎದೆಯೊಳಗಿನ ಭಾಗಕ್ಕೆ ಇಳಿದಿದ್ದರೆ, ಅದು ನುಣುಪಾದ ವಸ್ತುವೆಂದು ಖಚಿತವಾದರೆ ಮಾತ್ರ, ಹೊಟ್ಟೆಯ ಕೊಳವೆಯಿಂದ ಮೃದುವಾಗಿ ಹೊಟ್ಟೆಗೆ ತಳ್ಳುತ್ತಾರೆ.

ಎಂಡೋಸ್ಕೋಪ್ ಹಸುವಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿಯೇ. ಸಿಕ್ಕಿರುವುದು ವಾಟೆಯೋ ಚೂಪು ವಸ್ತುವೋ, ಅನ್ನನಾಳ ಗಾಯವಾಗಿದೆಯೋ ಇಲ್ಲವೋ ಎಂದು ಕಣ್ಣಾರೆ ನೋಡಬಹುದು, ಕುಣಿಕೆಯಲ್ಲಿ ಹಿಡಿಯುವ ಪ್ರಯತ್ನವನ್ನೂ ಮಾಡಬಹುದು. ಆದರೆ ಇಂಥ ಉಪಕರಣ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಕಡೆಗಳಲ್ಲಿ ಸಿಗುವಂಥದ್ದು. ಹಳ್ಳಿಯ ಚಿಕಿತ್ಸಾಲಯಕ್ಕೆ ಬಂದಿಲ್ಲ. ಉಬ್ಬಿದ ಹಸುವನ್ನು ಗಾಳಿ ಬಿಡಿಸದೆ ಲಾರಿಗೆ ಹತ್ತಿಸಿ ಹೆಬ್ಬಾಳಕ್ಕೋ ಹಾಸನಕ್ಕೋ ಸಾಗಿಸಿದರೆ ದಾರಿಯಲ್ಲೇ ಕಳೆದುಕೊಳ್ಳುತ್ತೀರಿ.

ತಂತಿ ಹೊಟ್ಟೆಗೆ ಇಳಿದ ಮೇಲೆ

ನಮ್ಮ ಯುವ ಸದಸ್ಯರ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ.

ಆಡು ತುಟಿಯಿಂದ ಆರಿಸಿ ಆರಿಸಿ ತಿನ್ನುತ್ತದೆ. ಹಸು ಹಾಗಲ್ಲ. ಮೇವನ್ನು ನಾಲಿಗೆಯಿಂದ ಸುತ್ತಿ ಒಳಕ್ಕೆಳೆದು, ಅರೆಬರೆ ಅಗಿದು ನುಂಗುತ್ತದೆ. ಪುರಸೊತ್ತಾದಾಗ ಮೆಲುಕು ಹಾಕಿದರಾಯಿತು ಎಂಬುದು ಅದರ ಲೆಕ್ಕ. ನಾಲಿಗೆಯ ಮೇಲಿನ ಮುಳ್ಳುಗಳೂ ಹಿಂದಕ್ಕೆ ಬಾಗಿವೆ. ಒಮ್ಮೆ ಬಾಯೊಳಗೆ ಹೋದ ತಂತಿಯನ್ನು ಉಗುಳುವುದು ಅದಕ್ಕೆ ಆಗದ ಕೆಲಸ. ಹೀಗೆ ನುಂಗಿದ ಭಾರದ ವಸ್ತುಗಳು ನಾಲ್ಕು ಹೊಟ್ಟೆಗಳಲ್ಲಿ ಎರಡನೆಯದಾದ, ಜೇನುಗೂಡಿನಂಥ ಒಳಮೈಯಿರುವ ಚಿಕ್ಕ ಚೀಲಕ್ಕೆ ಬಂದು ಬೀಳುತ್ತವೆ. ಇದು ಎದೆಗೂಡಿನ ತಳದಲ್ಲಿ, ವಪೆಗೆ ಅಂಟಿಕೊಂಡಂತಿದೆ. ವಪೆಯ ಆ ಬದಿಗೆ ಕೆಲವೇ ಬೆರಳಿನ ಅಂತರದಲ್ಲಿ ಹೃದಯವಿದೆ. ಈ ಚೀಲ ನಿಮಿಷಕ್ಕೊಮ್ಮೆ ಮುಷ್ಟಿ ಬಿಗಿದಂತೆ ಗಟ್ಟಿಯಾಗಿ ಮುದುಡುತ್ತದೆ. ಒಳಗೆ ಮೂರು ಅಂಗುಲದ ತಂತಿಯಿದ್ದರೆ, ಪ್ರತಿ ಮುದುಡುವಿಕೆಯೂ ಅದನ್ನು ಮುಂದಕ್ಕೆ, ಅಂದರೆ ಹೃದಯದ ಕಡೆಗೆ ನೂಕುತ್ತದೆ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕರುವಿನ ಭಾರ, ಕರು ಹಾಕುವಾಗಿನ ತಿಣುಕು ಈ ನೂಕುವಿಕೆಗೆ ಸೇರಿಕೊಳ್ಳುತ್ತವೆ. “ಈಯುವವರೆಗೆ ಚೆನ್ನಾಗಿತ್ತು ಡಾಕ್ಟ್ರೇ” ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ.

ಈಗ ಪೈಪಿನ ಮಾತು. ಮಗುವಿಗೂ ನಾಯಿಗೂ ಹೊಟ್ಟೆ ಖಾಲಿ ಮಾಡಿಸಿ, ಗಾಳಿ ಊದಿ ನೋಡಬಹುದು. ದೊಡ್ಡ ಹಸುವಿನ ಮೊದಲ ಹೊಟ್ಟೆಯಲ್ಲಿ ನೂರು ಲೀಟರಿಗೂ ಮೀರಿ ನೆನೆದ ಮೇವು, ನೀರು, ನೊರೆ ಇರುತ್ತದೆ. ಒಂದು ದಿನ ಉಪವಾಸ ಕೆಡವಿದರೂ ಅದು ಖಾಲಿಯಾಗದು. ಹಗೇವಿನ ರಾಗಿಯೊಳಗೆ ಟಾರ್ಚ್ ತೂರಿಸಿ ಸೂಜಿ ಹುಡುಕಿದಂತೆ, ಕ್ಯಾಮೆರಾ ಮುಂದೆ ಹಸಿರು ಬಗ್ಗಡ ಬಿಟ್ಟು ಬೇರೇನೂ ಕಾಣುವುದಿಲ್ಲ. ಕಂಡರೂ, ಗೋಡೆಯಲ್ಲಿ ನಾಟಿಕೊಂಡ ತಂತಿಯನ್ನು ಆ ಸಣ್ಣ ಚಿಮಟದಿಂದ ಎಳೆಯುವ ಶಕ್ತಿ ಸಾಲದು. ಪೂರ್ತಿ ಗೋಡೆ ದಾಟಿ ಹೋಗಿದ್ದರಂತೂ ಒಳಗಿನಿಂದ ಅದು ಕಾಣುವುದೇ ಇಲ್ಲ. ಹಾಗಾಗಿ ಹಸುವಿನ ಪಾಲಿಗೆ ದಾರಿಗಳು ಎರಡೇ: ಆಯಸ್ಕಾಂತ, ಇಲ್ಲವೇ ಪಕ್ಕೆಯ ಶಸ್ತ್ರಚಿಕಿತ್ಸೆ. ಎರಡಕ್ಕೂ ಕಾಲಮಿತಿ ಇದೆ.

ನಾನು ತಡ ಮಾಡಿದ್ದು

ಹತ್ತಾರು ವರ್ಷಗಳ ಹಿಂದೆ, ನಾನು ಸೇವೆಗೆ ಸೇರಿದ ಹೊಸತು. ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ಎರಡು ಮಿಶ್ರತಳಿ ಹಸು ಕಟ್ಟಿಕೊಂಡು ಇಬ್ಬರು ಮಕ್ಕಳನ್ನು ಓದಿಸುತ್ತಿದ್ದರು. ದೊಡ್ಡ ಹಸು ದಿನಕ್ಕೆ 14 ಲೀಟರ್ ಕೊಡುತ್ತಿತ್ತು. ಒಂದು ಬೆಳಿಗ್ಗೆ 5 ಲೀಟರಿಗೆ ಇಳಿಯಿತು, ಮೇವು ಬಿಟ್ಟಿತು. ನಾನು ಹೋಗಿ ಅಜೀರ್ಣವೆಂದು ತಿಳಿದು ಹಸಿವಿನ ಪುಡಿ, ಚುಚ್ಚುಮದ್ದು ಕೊಟ್ಟೆ. ಎರಡು ದಿನಕ್ಕೆ ಸುಧಾರಿಸಿತು. ಹತ್ತು ದಿನದ ಮೇಲೆ ಮತ್ತೆ ಅದೇ. ಮತ್ತೆ ಅದೇ ಪುಡಿ ಕೊಟ್ಟೆ. “ಮಲಗೋವಾಗ ನರಳುತ್ತೆ ಡಾಕ್ಟ್ರೇ, ಇಳಿಜಾರಿನಲ್ಲಿ ಹೆಜ್ಜೆ ಇಡಲ್ಲ” ಎಂದು ಆ ತಾಯಿ ಹೇಳಿದರು. ರೋಗದ ಹೆಸರನ್ನೇ ಅವರು ನನಗೆ ಹೇಳುತ್ತಿದ್ದರು. ನಾನು ಕೇಳಿಸಿಕೊಳ್ಳಲಿಲ್ಲ. ಮೂರನೆಯ ಸಲ ಕರೆ ಬಂದಾಗ ಹಸುವಿನ ಗಂಗೆದೊಗಲಿನಲ್ಲಿ ನೀರು ತುಂಬಿ ಜೋತುಬಿದ್ದಿತ್ತು. ಕತ್ತಿನ ರಕ್ತನಾಳ ಹಗ್ಗದಷ್ಟು ದಪ್ಪವಾಗಿ ಎದ್ದಿತ್ತು. ಸ್ಟೆತೋಸ್ಕೋಪ್ ಇಟ್ಟರೆ ಹೃದಯದ ಬಡಿತದ ಬದಲು ಕೊಡದಲ್ಲಿ ನೀರು ಕುಲುಕಿದ ಸದ್ದು. ಆ ಹಂತದಲ್ಲಿ ಮಾಡುವಂಥದ್ದು ಹೆಚ್ಚೇನೂ ಇರಲಿಲ್ಲ. ಸತ್ತ ಮೇಲೆ ಪರೀಕ್ಷೆ ಮಾಡಿದಾಗ ಹೃದಯದ ಹೊರಚೀಲದ ತುಂಬ ಕೀವು, ಅದರೊಳಗೆ ತುಕ್ಕು ಹಿಡಿದ ಒಂದು ತುಂಡು ಬೈಂಡಿಂಗ್ ತಂತಿ. ವರ್ಷದ ಹಿಂದೆ ಅವರ ಮನೆಗೆ ಮೋಲ್ಡ್ ಹಾಕಿಸಿದ್ದರಂತೆ.

ಆ ತಂತಿಯನ್ನು ತೊಳೆದು ಇಟ್ಟುಕೊಂಡಿದ್ದೇನೆ. ತರಬೇತಿ ಶಿಬಿರಗಳಲ್ಲಿ ನಾನು ತೋರಿಸುವ ತಂತಿ ಅದೇ.

ನೀವು ಗಮನಿಸಬೇಕಾದ್ದನ್ನು ಹೇಳುತ್ತೇನೆ. ಹಾಲು ಒಂದೇ ದಿನಕ್ಕೆ ಅರ್ಧಕ್ಕಿಂತ ಕೆಳಗಿಳಿಯುವುದು, ಮೆಲುಕು ನಿಲ್ಲುವುದು, ಬೆನ್ನು ಬಿಲ್ಲಿನಂತೆ ಬಾಗಿಸಿ ನಿಲ್ಲುವುದು, ಮುಂಗಾಲಿನ ಮೊಣಕೈಗಳನ್ನು ಎದೆಯಿಂದ ದೂರಕ್ಕೆ ಚಾಚಿರುವುದು, ಮಲಗುವಾಗ, ಏಳುವಾಗ, ಸಗಣಿ ಹಾಕುವಾಗ ನರಳುವುದು, ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುವುದು. ಜ್ವರ ಸಣ್ಣಗೆ, 103ರಿಂದ 104 ಡಿಗ್ರಿ ಫ್ಯಾರನ್‌ಹೀಟ್ ಇರಬಹುದು. ಸಗಣಿ ಕಡಿಮೆಯಾಗಿ ಗಟ್ಟಿಯಾಗುತ್ತದೆ. ಕೆಲವಕ್ಕೆ ಉಬ್ಬರ ಬಂದು ಬಂದು ಹೋಗುತ್ತದೆ. ಮುಂಗಾಲಿನ ನೇರಕ್ಕೆ ಬೆನ್ನ ಮೇಲಿನ ಚರ್ಮವನ್ನು ಎರಡು ಕೈಯಿಂದ ಹಿಡಿದು ಹಿಂಡಿದರೆ ಆರೋಗ್ಯವಾದ ಹಸು ಬೆನ್ನನ್ನು ಕೆಳಕ್ಕೆ ತಗ್ಗಿಸುತ್ತದೆ. ತಂತಿ ಚುಚ್ಚಿರುವ ಹಸು ತಗ್ಗಿಸದೆ ಬಿಗಿಹಿಡಿದು ನರಳುತ್ತದೆ. ಈ ಪರೀಕ್ಷೆಯನ್ನು ನೀವೇ ಮಾಡಿ ನೋಡಬಹುದು, ತೊಂದರೆಯಿಲ್ಲ. ಎದೆಯ ಕೆಳಗೆ ದೊಣ್ಣೆಯಿಟ್ಟು ಎತ್ತಿ ನೋಡುವ ಪರೀಕ್ಷೆಯನ್ನು ಮಾತ್ರ ವೈದ್ಯರಿಗೆ ಬಿಡಿ.

ಎಲ್ಲ ಲಕ್ಷಣಗಳೂ ಒಟ್ಟಿಗೆ ಬರಬೇಕೆಂದಿಲ್ಲ. ಔಷಧಿಗೆ ಸುಧಾರಿಸಿ, ವಾರ ಹತ್ತು ದಿನದಲ್ಲಿ ಅದೇ ಕಾಯಿಲೆ ಮರುಕಳಿಸಿದರೆ ಮೊದಲು ತಂತಿಯನ್ನೇ ಸಂಶಯಿಸಿ, ವೈದ್ಯರಿಗೂ ಹಾಗೆಂದು ಹೇಳಿ. “ಇದು ಎರಡನೆಯ ಸಲ” ಎಂಬ ನಿಮ್ಮ ಮಾತು ನಮ್ಮ ಸ್ಟೆತೋಸ್ಕೋಪಿಗಿಂತ ಹೆಚ್ಚು ತಿಳಿಸುತ್ತದೆ. ಅಂಥ ಹಸುವನ್ನು ನಡೆಸಬೇಡಿ, ಬೇಧಿಯ ಔಷಧಿ ಕುಡಿಸಬೇಡಿ. ಮುಂಗಾಲು ಅರ್ಧದಿಂದ ಮುಕ್ಕಾಲು ಅಡಿ ಎತ್ತರವಿರುವಂತೆ ಮಣ್ಣು ಹಾಕಿ ಅಥವಾ ಹಲಗೆಯಿಟ್ಟು ಕಟ್ಟಿ. ಹೊಟ್ಟೆಯ ಭಾರ ಹಿಂದಕ್ಕೆ ಸರಿದು ತಂತಿ ಮುಂದೆ ಹೋಗುವುದು ತಗ್ಗುತ್ತದೆ.

ಆಯಸ್ಕಾಂತ

ಬೆರಳಿನಷ್ಟು ಉದ್ದ, ಅದಕ್ಕಿಂತ ತುಸು ದಪ್ಪವಿರುವ ನುಣುಪಾದ ಆಯಸ್ಕಾಂತವನ್ನು ಮಾತ್ರೆ ನುಂಗಿಸುವ ಸಾಧನದಿಂದ ಹಸುವಿಗೆ ನುಂಗಿಸುತ್ತಾರೆ. ಅದು ತನ್ನ ಭಾರಕ್ಕೆ ಎರಡನೆಯ ಹೊಟ್ಟೆ ಸೇರಿ ಜೀವನಪರ್ಯಂತ ಅಲ್ಲೇ ಇರುತ್ತದೆ. ಸಡಿಲವಾಗಿರುವ ತಂತಿ, ಮೊಳೆಗಳು ಅದಕ್ಕೆ ಅಂಟಿಕೊಂಡು ಚುಚ್ಚುವ ಶಕ್ತಿ ಕಳೆದುಕೊಳ್ಳುತ್ತವೆ. ವಸ್ತು ಹೊರಗೆ ಬರುವುದಿಲ್ಲ, ಆದರೆ ಕೆಡುಕೂ ಮಾಡುವುದಿಲ್ಲ. ಈಗಷ್ಟೇ ಚುಚ್ಚತೊಡಗಿದ ಹಸುವಿಗೆ ಆಯಸ್ಕಾಂತ, ಆಂಟಿಬಯಾಟಿಕ್, ಮುಂಭಾಗ ಎತ್ತರಿಸಿ ಕಟ್ಟುವುದು ಈ ಮೂರನ್ನು ಸೇರಿಸಿ ಕೊಟ್ಟರೆ ಹಲವು ಹಸುಗಳು ಮೂರು ನಾಲ್ಕು ದಿನದಲ್ಲಿ ಮೇವಿಗೆ ಬಾಯಿ ಹಾಕುತ್ತವೆ. ಆಂಟಿಬಯಾಟಿಕ್ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕಬಾರದೆಂಬುದನ್ನು ಮರೆಯಬೇಡಿ.

ಒಂದು ಹಸುವಿಗೆ ಒಂದೇ ಆಯಸ್ಕಾಂತ ಸಾಕು. ಹಸು ಕೊಂಡು ತಂದವರಿಗೆ ಹಿಂದಿನವರು ಹಾಕಿಸಿದ್ದರೋ ಇಲ್ಲವೋ ಗೊತ್ತಿರುವುದಿಲ್ಲ. ಎಡ ಮೊಣಕೈ ಹಿಂದೆ ಎದೆಯ ತಳಭಾಗಕ್ಕೆ ದಿಕ್ಸೂಚಿ ಹಿಡಿದರೆ, ಒಳಗೆ ಆಯಸ್ಕಾಂತವಿದ್ದಲ್ಲಿ ಮುಳ್ಳು ಹೊರಳುತ್ತದೆ. ಮಕ್ಕಳ ಶಾಲೆಯ ದಿಕ್ಸೂಚಿಯೇ ಸಾಕು.

ಇದರ ಮಿತಿಯನ್ನೂ ತಿಳಿಯಿರಿ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಇದಕ್ಕೆ ಅಂಟುವುದಿಲ್ಲ. ಗೋಡೆ ದಾಟಿ ಎದೆಗೆ ಹೋದ ತಂತಿಯನ್ನು ಅದು ಹಿಂದಕ್ಕೆ ಎಳೆದು ತರುವುದಿಲ್ಲ. ಆದ್ದರಿಂದ ಕಾಯಿಲೆ ಬಂದ ಮೇಲೆ ಹಾಕಿಸುವುದಕ್ಕಿಂತ, ಒಂದು ವರ್ಷ ದಾಟಿದ ಪಡ್ಡೆಗೇ ಹಾಕಿಸುವುದು ಜಾಣತನ.

ಪಕ್ಕೆಯ ಶಸ್ತ್ರಚಿಕಿತ್ಸೆ

ಮೂರು ನಾಲ್ಕು ದಿನದಲ್ಲಿ ಗುಣ ಕಾಣದಿದ್ದರೆ ತಡ ಮಾಡಬಾರದು. ಇದರ ಹೆಸರು ರೂಮೆನಾಟಮಿ. ಹೆಸರು ಕೇಳಿ ಹೆದರುವವರೇ ಹೆಚ್ಚು, “ಹೊಟ್ಟೆ ಕೊಯ್ದ ಹಸು ಮತ್ತೆ ಹಾಲು ಕೊಡುತ್ತಾ?” ಎಂದು ಕೇಳುತ್ತಾರೆ. ಹೃದಯಕ್ಕೆ ತಗಲುವ ಮೊದಲು ಮಾಡಿದರೆ ಕೊಡುತ್ತದೆ.

ಹಿಂದಿನ ದಿನ ಮೇವು ನಿಲ್ಲಿಸಿರುತ್ತೇವೆ. ಹಸುವನ್ನು ಕೆಡವುವುದಿಲ್ಲ, ನಿಂತಂತೆಯೇ ಎಡ ಪಕ್ಕೆಯನ್ನು ಬೋಳಿಸಿ, ತೊಳೆದು, ಆ ಭಾಗ ಮಾತ್ರ ಮರಗಟ್ಟುವಂತೆ ಚುಚ್ಚುಮದ್ದು ಕೊಡುತ್ತೇವೆ. ಕೈ ಹೋಗುವಷ್ಟು ಕೊಯ್ದು, ದೊಡ್ಡ ಹೊಟ್ಟೆಯ ಗೋಡೆಯನ್ನು ಗಾಯದ ಅಂಚಿಗೆ ಭದ್ರಪಡಿಸುತ್ತೇವೆ. ಒಳಗಿನ ಮೇವಿನ ರಸ ಒಂದು ಹನಿಯೂ ಹೊಟ್ಟೆಗೂಡಿಗೆ ಸೋರಬಾರದು. ಇಡೀ ಶಸ್ತ್ರಚಿಕಿತ್ಸೆಯಲ್ಲಿ ನಮ್ಮ ಎದೆ ಹೊಡೆದುಕೊಳ್ಳುವುದು ಇದಕ್ಕೇ. ಆಮೇಲೆ ಹೊಟ್ಟೆ ತೆರೆದು, ಒಂದಷ್ಟು ಮೇವು ಹೊರತೆಗೆದು, ತೋಳನ್ನು ಭುಜದವರೆಗೆ ಒಳಗೆ ಹಾಕಿ, ಮುಂದಕ್ಕೂ ಕೆಳಕ್ಕೂ ಇರುವ ಎರಡನೆಯ ಹೊಟ್ಟೆಯನ್ನು ತಲುಪುತ್ತೇವೆ. ಅಲ್ಲಿ ಕಣ್ಣಿಗೆ ಕೆಲಸವಿಲ್ಲ, ಬೆರಳೇ ಕಣ್ಣು. ಜೇನುಗೂಡಿನ ಒಂದೊಂದು ಮನೆಯನ್ನೂ ಸವರಿ, ಎಲ್ಲಿ ಗೋಡೆ ವಪೆಗೆ ಅಂಟಿ ಗಡುಸಾಗಿದೆಯೋ ಅಲ್ಲಿ ತಂತಿಯ ಬಾಲ ಹುಡುಕಿ, ಚುಚ್ಚಿದ ದಾರಿಯಲ್ಲೇ ನೇರವಾಗಿ ಹಿಂದಕ್ಕೆ ಎಳೆಯುತ್ತೇವೆ. ಮೊನೆ ಹಿಂದೆ ಬೀಳುವಂತೆ ತರಬೇಕೆಂಬ ಎಂಡೋಸ್ಕೋಪಿನ ನಿಯಮವೇ ಇಲ್ಲಿಯೂ.

ಹೊಲಿಗೆಗಳನ್ನು ಹತ್ತರಿಂದ ಹದಿನಾಲ್ಕು ದಿನದಲ್ಲಿ ಬಿಚ್ಚುತ್ತಾರೆ. ಅಲ್ಲಿಯವರೆಗೆ ಮೃದುವಾದ ಹಸಿಮೇವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ, ಗಾಯಕ್ಕೆ ನೊಣ ಕೂರದಂತೆ ನೋಡಿಕೊಳ್ಳಿ. ಪಶು ಆಹಾರವನ್ನು ಮೊದಲ ದಿನವೇ ಬುಟ್ಟಿ ತುಂಬ ಸುರಿಯಬೇಡಿ.

ಪ್ಲಾಸ್ಟಿಕ್ ಚೀಲಗಳ ಗಂಟಿಗೂ ಇದೊಂದೇ ದಾರಿ. ಪ್ಲಾಸ್ಟಿಕ್ ಚುಚ್ಚುವುದಿಲ್ಲ, ಹಗ್ಗ, ದಾರಗಳೊಂದಿಗೆ ಹೆಣೆದುಕೊಂಡು ಹೊಟ್ಟೆಯಲ್ಲಿ ಜಾಗ ಹಿಡಿದು ಕೂರುತ್ತದೆ. ಹಸು ದಿನೇ ದಿನೇ ಬಡಕಲಾಗುತ್ತದೆ. ಅದನ್ನು ಕರಗಿಸುವ ಔಷಧಿ ಇಲ್ಲ. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧವಾಗಿದೆ, ಆದರೂ ಪೇಟೆಯಂಚಿನಲ್ಲಿ ಮೇಯುವ ಹಸುಗಳ ಹೊಟ್ಟೆ ಬಗೆದರೆ ಆ ಕಾನೂನು ಎಷ್ಟು ನಡೆದಿದೆ ಎಂದು ತಿಳಿಯುತ್ತದೆ.

ತಂತಿ ಬರುವುದು ಎಲ್ಲಿಂದ?

ಮನೆ ಕಟ್ಟಿಸುವವರ ಬೈಂಡಿಂಗ್ ತಂತಿ ಮೊದಲನೆಯದು. ಗಾರೆ ಕೆಲಸ ನಡೆದ ಜಾಗದಲ್ಲಿ ಹುಲ್ಲಿನ ಮೆದೆ ಒಟ್ಟಬೇಡಿ. ಚಳಿಗೆ ಟೈರು ಸುಟ್ಟು ಬೆಂಕಿ ಕಾಯಿಸುವುದು ಎರಡನೆಯದು. ರಬ್ಬರು ಉರಿದು ಹೋದರೂ ಕೂದಲಿನಂಥ ತಂತಿಗಳು ನೆಲದಲ್ಲಿ ಉಳಿಯುತ್ತವೆ, ಗಾಳಿ ಮಳೆಗೆ ಹುಲ್ಲಿಗೆ ಸೇರುತ್ತವೆ. ಬೇಲಿಯ ಮುಳ್ಳುತಂತಿ ಕತ್ತರಿಸಿದಾಗ ತುಂಡುಗಳನ್ನು ಎಣಿಸಿ ಆರಿಸಿಕೊಳ್ಳಿ. ಬೇಲಿ ಪಕ್ಕದ ಹುಲ್ಲನ್ನು ಯಂತ್ರದಲ್ಲಿ ಕತ್ತರಿಸಿದರೆ ಒಂದು ಉದ್ದ ತಂತಿ ಹತ್ತು ಚೂಪು ತುಂಡಾಗಿ ಗೋದಲಿಗೆ ಬೀಳುತ್ತದೆ.

ಮನೆಯ ಹೆಣ್ಣುಮಕ್ಕಳಿಗೆ ಒಂದು ಮಾತು. ಕಲಗಚ್ಚಿನ ಬಾನಿಯನ್ನು ಹಸುವಿನ ಮುಂದಿಡುವ ಮೊದಲು ತಳಕ್ಕೆ ಕೈಹಾಕಿ ಒಮ್ಮೆ ತಡಕಿ. ಪಾತ್ರೆ ಉಜ್ಜುವಾಗ ಬಳೆಗೆ ಸಿಕ್ಕಿಸಿದ ಪಿನ್ನು, ಹೇರ್‌ಪಿನ್ನು, ಸ್ಟೀಲ್ ನಾರಿನ ಉಂಡೆ ಅಲ್ಲೇ ಇರುತ್ತವೆ. ಕೌದಿ ಹೊಲಿಯುವುದನ್ನು ಕೊಟ್ಟಿಗೆಯ ಜಗಲಿಯಿಂದ ಒಳಗಿನ ಜಗಲಿಗೆ ಬದಲಾಯಿಸಿ. ಸೂಜಿ ಕಳೆದರೆ ಸಿಗುವವರೆಗೆ ಹುಡುಕಿ.

ಹಳೆಯ ಸ್ಪೀಕರಿನ ಹಿಂಭಾಗದಲ್ಲಿ ದುಂಡನೆಯ ದೊಡ್ಡ ಆಯಸ್ಕಾಂತವಿರುತ್ತದೆ, ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದಕ್ಕೆ ಹಗ್ಗ ಕಟ್ಟಿ ಮೊಳೆಗೆ ನೇತುಹಾಕಿಕೊಳ್ಳಿ. ಬೂಸಾ, ಹಿಂಡಿ ಚೀಲ ಬಿಚ್ಚಿದಾಗ, ಕತ್ತರಿಸಿದ ಮೇವನ್ನು ಗೋದಲಿಗೆ ಹಾಕಿದಾಗ ಒಂದು ಸುತ್ತು ಆಡಿಸಿ. ಅಂಟಿಕೊಂಡದ್ದನ್ನು ಒಂದು ಡಬ್ಬಿಯಲ್ಲಿ ಹಾಕಿಡಿ. ಒಂದು ವರ್ಷದ ಡಬ್ಬಿಯನ್ನು ಸಂಘದ ಸಭೆಗೆ ತನ್ನಿ. ನನ್ನ ಬಳಿಯಿರುವ ಆ ಬೈಂಡಿಂಗ್ ತಂತಿಯ ಪಕ್ಕದಲ್ಲಿಟ್ಟು ಎಲ್ಲರಿಗೂ ತೋರಿಸೋಣ.